ನೆರಳು ಬಿಡಿಸುತ್ತ ಹಾಡು ಕಳೆದ ಡೆಸ್ಕ್‌ಟಾಪ್ ಮಹಾಶಯರಿಗೆ

ಮಾನ್ಯರೇ,

ಪರದೆಯ ಪ್ರತಿ ಚೌಕಟ್ಟಿಗೂ ನೆರಳು, ಪ್ರತಿ ಮೂಲೆಗೂ ನುಣುಪು ದಯಪಾಲಿಸಿದ ತಮ್ಮ ಕಲಾಸೇವೆಗೆ ಸಿಂಧನೂರಿನ ಒಂದು ಹಳೆಯ ಲ್ಯಾಪ್‌ಟಾಪಿನ ಪರವಾಗಿ ತಲೆಬಾಗುತ್ತೇನೆ. ತಾವು ಪರದೆಯನ್ನು ಸಿಂಗರಿಸಿ ನಡೆಸುವ ಸ್ವತಂತ್ರ ತಂತ್ರಾಂಶ, ಯಾವ ಕಂಪನಿಯ ಸೊತ್ತೂ ಅಲ್ಲ. ಹೀಗಾಗಿ ಬಯ್ಯಲು ಮಾಲೀಕರೂ ಸಿಗದೆ ನೇರ ತಮಗೇ ಬರೆಯುತ್ತಿದ್ದೇನೆ.

ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುವ ಹೆಣ್ಣುಮಕ್ಕಳ ಹಾಡುಗಳನ್ನು ಧ್ವನಿಮುದ್ರಿಸಲು ಯಾವ ಲಿನಕ್ಸ್ ಡೆಸ್ಕ್‌ಟಾಪ್ ಆಗಬಹುದೆಂದು ನಮ್ಮ ಬಳಗ ಲಿಂಗಸೂಗೂರಿನಲ್ಲಿ ಸಭೆ ಸೇರಿದಾಗ, ಹಗುರವಾದ, ಬೂದುಬಣ್ಣದ, ನೋಡಲು ಪಂಚಾಯಿತಿ ಕಚೇರಿಯಂಥ ಒಂದನ್ನು ಗೆಳತಿ ಅನುಪಮಾ ಸೂಚಿಸಿದಳು. ಬಡವರ ತಂತ್ರಾಂಶ ಬಡವಾಗಿ ಕಾಣಬಾರದೆಂದು ಉಳಿದ ನಾವೆಲ್ಲ ಕೈ ಎತ್ತಿ ತಮ್ಮನ್ನು ಗೆಲ್ಲಿಸಿದೆವು. ಮಸ್ಕಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಜಬೀವುಲ್ಲಾ ತಮ್ಮನ್ನು ನೋಡಿ, ಇದು ಹಾಡು ಹಿಡಿಯುವ ಯಂತ್ರವೋ ಶಾದಿಮಹಲೋ ಎಂದು ಕೇಳಿದ್ದನ್ನು ಪ್ರತಿಗಾಮಿ ಧೋರಣೆ ಎಂದು ಖಂಡಿಸಿದೆವು.

ತುರ್ವಿಹಾಳದ ಗದ್ದೆಯ ಬದುವಿನ ಮೇಲೆ ಮೈಕ್ ನಿಲ್ಲಿಸಿದೆವು. ಗದ್ದೆಮ್ಮನ ಕೂಲಿ ಗುಂಪು ಹಂಗಾಮಿನ ಕೊನೆಯ ಗದ್ದೆಮಡಿಯಲ್ಲಿ ಮಾತ್ರ ಹಾಡುವ ಹಾಡೊಂದಿದೆ. ಕೊನೆಯ ಸಸಿ ಊರಿದ ಮೇಲೆ ಅದನ್ನು ಯಾರೂ ಬಾಯಿಗೆ ತರುವುದಿಲ್ಲ. ಆಕೆ ದನಿ ಎತ್ತಿದ ಗಳಿಗೆಯಲ್ಲೇ ತಾವು ನನ್ನ ಹಳೆಯ ಫೋಟೋಗಳಿಗೆಲ್ಲ ಪುಟ್ಟ ಪುಟ್ಟ ಚಿತ್ರ ತಯಾರಿಸುವ ರಾಷ್ಟ್ರಕಾರ್ಯ ಕೈಗೊಂಡಿರಿ. ಲ್ಯಾಪ್‌ಟಾಪಿನ ಶಕ್ತಿಯೆಲ್ಲ ಅದಕ್ಕೇ ಹೋಗಿ ಹಾಡು ಚೂರುಚೂರಾಯಿತು, ಉಳಿದದ್ದು ಚಟಚಟ ಸದ್ದು. ಇನ್ನೊಮ್ಮೆ ಹಾಡಬೇಕೆಂದು ಬೇಡಿಕೊಂಡಾಗ ಗದ್ದೆಮ್ಮ ಕಾಲುವೆಯಲ್ಲಿ ಕೈ ತೊಳೆಯುತ್ತ, "ಮಡಿ ಮುಗದೈತೋ ತಮ್ಮಾ, ಹಾಡೂ ಮುಗದೈತಿ. ನಿನ್ನ ಪೆಟಿಗಿ ಸಲುವಾಗಿ ಹಚ್ಚಿದ ಸಸಿ ಕಿತ್ತು ಮತ್ತ ಹಚ್ಚಲೇನು?" ಎಂದಳು.

ಮುಂದಿನ ಹಂಗಾಮಿಗೆ ಆ ಗದ್ದೆಗೆ ನಾಟಿ ಯಂತ್ರ ಬರುತ್ತದಂತೆ, ಗುಂಪಿಗೆ ಕರೆ ಇಲ್ಲವಂತೆ. ಆದ್ದರಿಂದ ತಮ್ಮಲ್ಲಿ ಒಂದು ಸಣ್ಣ ವಿನಂತಿ: ನೆರಳು ಬಿಡಿಸಿ ಬಿಡುವಾದಾಗ ದಯವಿಟ್ಟು ಆ ಯಂತ್ರದೊಳಗೂ ತಾವೇ ಹೋಗಿ ಕೂರಬೇಕು. ತಾವಿದ್ದರೆ ಅದು ಮೊದಲ ಮಡಿಯನ್ನೂ ದಾಟಲಾರದು; ಹೆಣ್ಣುಮಕ್ಕಳಿಗೆ ಕೂಲಿ ಉಳಿಯುತ್ತದೆ, ಹಾಡೂ ಉಳಿಯುತ್ತದೆ. ತಮ್ಮ ಸೌಂದರ್ಯದಿಂದ ದುಡಿಯುವವರಿಗೆ ಆಗುವ ಮೊದಲ ಉಪಕಾರ ಇದೇ ಆದೀತು.

ತಮಗೆ ಮತ ಹಾಕಿದ ಕೈಯಿಂದಲೇ ಸಹಿ ಮಾಡುವ,
ತಮ್ಮ ವಿಶ್ವಾಸಿ,
ಮಲ್ಲೇಶ, ಸಿಂಧನೂರು

ತಾ.ಕ.: ಲ್ಯಾಪ್‌ಟಾಪಿನಲ್ಲಿ ಈಗ ಅನುಪಮಾ ಹೇಳಿದ ಬೂದುಬಣ್ಣವೇ ಇದೆ. ತಮ್ಮನ್ನು ಅಳಿಸುವಾಗ, ಖಚಿತವೇ ಎಂದು ಎರಡೆರಡು ಸಲ ಕೇಳಿದಿರಿ. ಹಾಡಿಗೆ ಆ ಮರ್ಯಾದೆ ಒಂದು ಸಲವೂ ಸಿಗಲಿಲ್ಲ.