ಪೋಕರ್ ಆಡಿ ನಾನು ಫ್ರಿಜ್ ಸಾಗಿಸಿದ್ದು

ಮನುಷ್ಯನ ಮುಖ ಓದುವುದರಲ್ಲಿ ಹುಣಸೂರು ತಾಲ್ಲೂಕಿನಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಪಿರಿಯಾಪಟ್ಟಣದಿಂದ ಕೆ.ಆರ್. ನಗರದವರೆಗೆ ಎಷ್ಟೋ ಮದುವೆಗಳಲ್ಲಿ ನಗು ಬಾರದೆ ಒದ್ದಾಡುವ ಬೀಗರ ಮುಖಗಳನ್ನು ಕ್ಯಾಮೆರಾ ಹಿಂದಿನಿಂದ ನೋಡಿದ್ದೇನೆ. ಯಾವ ಮದುಮಗ ಹೆದರಿದ್ದಾನೆ, ಯಾವ ಸೋದರಮಾವನಿಗೆ ಎಲೆಗೆ ಎರಡನೇ ಹೋಳಿಗೆ ಬೀಳಲಿಲ್ಲ, ಎಲ್ಲವೂ ನನಗೆ ಒಂದೇ ಕ್ಲಿಕ್ಕಿಗೆ ತಿಳಿಯುತ್ತಿತ್ತು.

ಹೀಗಿರುವಾಗ ನಮ್ಮೂರಿನಲ್ಲಿ ಪೋಕರ್ ಎಂಬ ಇಸ್ಪೀಟೆಲೆ ಆಟದ ಪಂದ್ಯಾವಳಿ ಘೋಷಣೆಯಾಯಿತು. ಬೈಪಾಸ್ ಹತ್ತಿರ ಹೊಸದಾಗಿ ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಅಂಗಡಿಯೊಂದು ತೆರೆದಿತ್ತು. ಮರ್ಯಾದಸ್ಥರಾಗಿದ್ದರೆ ಪ್ರಚಾರಕ್ಕೆ ರಂಗೋಲಿ ಸ್ಪರ್ಧೆ ಇಡುತ್ತಿದ್ದರು. ಆದರೆ ಅಂಗಡಿ ಯಜಮಾನರ ಅಳಿಯ ಒಮ್ಮೆ ಗೋವಾಕ್ಕೆ ಹೋಗಿ ಬಂದಿದ್ದ. ಬರುವಾಗ ಜ್ಞಾನ ಹೊತ್ತು ತಂದಿದ್ದ. ಅದನ್ನು ಎಲ್ಲಿಯಾದರೂ ಇಳಿಸಬೇಕಲ್ಲ, ನಮ್ಮೂರಿನ ಮೇಲೆ ಇಳಿಸಿದ. ಪ್ರವೇಶ ಉಚಿತ, ಹಣ ಕಟ್ಟುವ ಮಾತೇ ಇಲ್ಲ, ಮಧ್ಯಾಹ್ನ ಊಟ ಉಂಟು. ಗೆದ್ದವರಿಗೆ ಎರಡು ಬಾಗಿಲಿನ ದೊಡ್ಡ ಫ್ರಿಜ್!

ಪೋಕರ್ ನನಗೆ ಹೊಸದಲ್ಲ. ಮೊಬೈಲಿನಲ್ಲಿ ಸುಮ್ಮನೆ ಆಡುವ ಪೋಕರ್‌ನಲ್ಲಿ ಮುಖವಿಲ್ಲದ ಎಷ್ಟೋ ಜನರನ್ನು ಮಣಿಸಿದ್ದೆ. ಮುಖವಿದ್ದವರನ್ನು ಮಣಿಸುವುದು ಇನ್ನೂ ಸುಲಭವಲ್ಲವೇ? ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಸುಶೀಲಾಳಿಗೆ ಗಂಭೀರವಾಗಿ ತಿಳಿಸಿದೆ.

"ನೋಡು, ಅದು ಎಲೆ ಆಟ ಅಲ್ಲ. ಮುಖದ ಆಟ."

"ಅಂಗಾದ್ರೆ ನೀವು ಓಗ್‌ಬ್ಯಾಡಿ ಕಣ್ರೀ," ಎಂದಳು.

"ಯಾಕೆ?"

"ನಿಮ್ ಮುಖದಲ್ಲಿ ಏನೂ ನಿಲ್ಲಾಕಿಲ್ಲ. ಮೊನ್ನೆ ನೈವೇದ್ಯಕ್ಕೆ ಮುಂಚೆನೇ ಒಬ್ಬಟ್ಟು ತಿಂದಿದ್ದು ಬಾಗ್ಲಲ್ಲೇ ಗೊತ್ತಾಗೋಯ್ತು ನಂಗೆ."

"ಅದು ಮೀಸೆಗೆ ತುಪ್ಪ ಅಂಟಿತ್ತು!"

"ತುಪ್ಪ ಆಮೇಲ್ ನೋಡ್ದೆ."

ಹೆಂಗಸರಿಗೆ ಈ ಸೂಕ್ಷ್ಮ ಕಲೆಗಳು ಅರ್ಥವಾಗುವುದಿಲ್ಲ ಎಂದುಕೊಂಡು ನಾನು ಸಿದ್ಧತೆಗೆ ಇಳಿದೆ. ಎಲೆ ಆಟದ ಸಿದ್ಧತೆಯಲ್ಲ, ಫ್ರಿಜ್ ಇಡುವ ಸಿದ್ಧತೆ!

ಮೊದಲನೆಯದಾಗಿ, ಮನೆಯಲ್ಲಿದ್ದ ಹಳೇ ಫ್ರಿಜ್. ಅದು ಬಸ್ ಏರು ಹತ್ತುವ ಹಾಗೆ ಸದ್ದು ಮಾಡುತ್ತಿತ್ತು, ಆಗಾಗ ನೆಲ ಒದ್ದೆ ಮಾಡುತ್ತಿತ್ತು, ಆದರೆ ಹಾಲು ಕೆಡಿಸುತ್ತಿರಲಿಲ್ಲ. ಸುಶೀಲ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಅದನ್ನು ಎದುರುಮನೆ ಗೌರಮ್ಮನವರಿಗೆ ದಾನವಾಗಿ ಕೊಟ್ಟುಬಿಟ್ಟೆ. ಗೌರಮ್ಮನವರು ನನ್ನನ್ನು ಕರ್ಣ ಎಂದರು. ಮಾರುಕಟ್ಟೆಯಿಂದ ಬಂದವಳು ಏನೆಂದಳೆಂಬುದನ್ನು ಇಲ್ಲಿ ಬರೆಯಲಾಗದು.

ಎರಡನೆಯದಾಗಿ, ಅಡುಗೆಮನೆಯ ಬಾಗಿಲು. ಅಂಗಡಿಗೆ ಹೋಗಿ ಆ ಫ್ರಿಜ್ಜನ್ನು ಟೇಪು ಹಿಡಿದು ಅಳೆದೆ. ಅಡ್ಡಕ್ಕೆ ಹಿಡಿದರೂ ಉದ್ದಕ್ಕೆ ಹಿಡಿದರೂ ನಮ್ಮ ಬಾಗಿಲಲ್ಲಿ ತೂರುವ ಲಕ್ಷಣವಿರಲಿಲ್ಲ. ಕೂಡಲೇ ರಫೀಕನನ್ನು ಕರೆಸಿದೆ. ರಫೀಕ್ ನಮ್ಮೂರಿನ ಪೀಠೋಪಕರಣದ ಕುಶಲಕರ್ಮಿ. ಮಂಚ, ಬೀರು ಮಾಡಿ ತನ್ನದೇ ಗೂಡ್ಸ್ ಆಟೋದಲ್ಲಿ ಮನೆಗೆ ತಲುಪಿಸುವವನು, ನನ್ನ ಹಳೇ ಸ್ನೇಹಿತ.

"ಸಾರ್, ಫ್ರಿಜ್ ಬಂದ್ಮ್ಯಾಕೆ ಮಾಡಾಣ ಬುಡಿ," ಎಂದ ಅವನು.

"ರಫೀಕ್, ಫ್ರಿಜ್ ಬಂದು ಬೀದಿಯಲ್ಲಿ ನಿಂತಿರುವಾಗ ನಾವು ಗೋಡೆ ಒಡೆಯುತ್ತಾ ಕೂತರೆ ನೋಡಿದವರು ಏನಂತಾರೆ?"

"ಫ್ರಿಜ್ ಇಲ್ದೇನೇ ಗೋಡೆ ಒಡುದ್ರೆ ಏನಂತಾರೆ ಸಾರ್?"

ಈ ಪ್ರಶ್ನೆ ನನಗೆ ಅಪಶಕುನವೆನಿಸಿತು. ಒಡೆಯಲು ಆಜ್ಞಾಪಿಸಿದೆ. ಬಾಗಿಲು, ಚೌಕಟ್ಟು, ಅದರ ಪಕ್ಕದ ಒಂದಷ್ಟು ಗೋಡೆ ಎಲ್ಲವೂ ಅಂಗಳಕ್ಕೆ ಬಂದವು. ಸಂಜೆಯೊಳಗೆ ಬೀದಿಯ ಬೆಕ್ಕುಗಳಿಗೆಲ್ಲ ಸುದ್ದಿ ಮುಟ್ಟಿತು.

ಪಂದ್ಯದ ಭಾನುವಾರ ರಫೀಕನ ಆಟೋದಲ್ಲೇ ಹೊರಟೆ. ಗೆದ್ದ ಫ್ರಿಜ್ಜನ್ನು ಹೆಗಲ ಮೇಲೆ ಹೊತ್ತು ತರಲಾದೀತೆ?

ಪಂದ್ಯ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವು ಇನ್ನೂ ಬಾಡುತ್ತಾ ನೇತಾಡುತ್ತಿತ್ತು. ಆಡಲು ಬಂದವರನ್ನು ನೋಡಿ ನನಗೆ ಕನಿಕರವಾಯಿತು. ಆ ಸೆಖೆಯಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡವರು! ಕಿವಿಗೆ ಹೆಡ್‌ಫೋನ್ ಏರಿಸಿ, ಅದರ ವೈರನ್ನು ಬರಿದೇ ಜೇಬಿಗೆ ಇಳಿಬಿಟ್ಟವರು! ಒಬ್ಬನಂತೂ ಎಚ್.ಡಿ. ಕೋಟೆಯಿಂದ ಕಪ್ಪು ಕೈಗವಸು ತೊಟ್ಟು ಬಂದಿದ್ದ. ಆಟ ಶುರುವಾದ ಮೇಲೂ ಅವನ ಕೈಯಿಂದ ಎಲೆಗಳು ಒಂದೊಂದಾಗಿ ಜಾರಿ ನೆಲಕ್ಕೆ ಬೀಳುತ್ತಿದ್ದವು. ಅವನು ಮಾತ್ರ ಬಹಳ ನಿಗೂಢವಾಗಿ ನಗುತ್ತಿದ್ದ.

ಅಳಿಯ ದೇವರು ವೇದಿಕೆ ಹತ್ತಿ ಮೈಕು ಹಿಡಿದರು. "ಇದು ಜೂಜಲ್ಲ, ಬುದ್ಧಿಯ ಕ್ರೀಡೆ," ಎಂದು ಅದನ್ನೇ ತಿರುತಿರುಗಿಸಿ ಹೇಳಿದರು. ಅಷ್ಟು ಹೇಳಬೇಕಾಗಿ ಬಂದದ್ದರಲ್ಲೇ ಬುದ್ಧಿಯ ಪ್ರಮಾಣ ತಿಳಿಯುತ್ತಿತ್ತು.

ನನ್ನ ಎದುರಿಗೆ ಕೂತವರು ಹನಗೋಡಿನ ಲಿಂಗರಾಜು. ಬೇಕಾದಷ್ಟು ಹೊಗೆಸೊಪ್ಪಿನ ಜಮೀನಿದ್ದ ಕುಳ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬೆರಳಿಗೆಲ್ಲ ಉಂಗುರ. ನಾನು ಒಮ್ಮೆ ನೋಡಿ ಅವರ ಮುಖ ಓದಿ ಮುಗಿಸಿದೆ: ಪಾಪ, ಬರೀ ಊಟಕ್ಕೆ ಬಂದವರು.

ಆಟ ಬಲು ಸರಳ. ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತದೆ. ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆ ಬಿಚ್ಚುತ್ತಾರೆ. ಎಲ್ಲ ಸೇರಿಸಿ ಯಾರ ಐದು ಎಲೆ ದೊಡ್ಡದೋ ಅವರು ಮೇಜಿನ ಮೇಲಿನ ಪ್ಲಾಸ್ಟಿಕ್ ಬಿಲ್ಲೆಗಳನ್ನು ಬಾಚಿಕೊಳ್ಳುತ್ತಾರೆ. ತನ್ನ ಎಲೆಯ ಮೇಲೆ ನಂಬಿಕೆಯಿದ್ದವರು ಬಿಲ್ಲೆ ಮುಂದೆ ತಳ್ಳುತ್ತಾರೆ, ಇಲ್ಲದವರು ಎಲೆ ಬಿಸಾಕಿ ಆ ಸುತ್ತು ಬಿಡುತ್ತಾರೆ. ಬಿಲ್ಲೆ ಮುಗಿದವರು ಮನೆಗೆ.

ಮೊದಲ ಕೈಯಲ್ಲೇ ನನಗೆ ಎರಡು ರಾಜ ಬಂದವು. ನಾನು ಬಿಲ್ಲೆ ಮುಂದೆ ತಳ್ಳಿದ್ದೇ ತಡ, ಮೇಜಿನಲ್ಲಿದ್ದ ಅಷ್ಟೂ ಜನ ಎಲೆ ಬಿಸಾಕಿದರು! ಮತ್ತೆ ಎರಡು ರಾಣಿ ಬಂದವು. ಮತ್ತೆ ಎಲ್ಲರೂ ಬಿಸಾಕಿದರು. ನನ್ನ ಮುಖದ ತೇಜಸ್ಸಿಗೆ ಹೆದರಿದರು ಎಂದು ತಿಳಿದು ನನಗೇ ಪಾಪವೆನಿಸಿತು. ವಿಚಿತ್ರವೆಂದರೆ ಕೆಟ್ಟ ಎಲೆ ಹಿಡಿದು ಹೆದರಿಸಲು ಹೋದಾಗ ಯಾರೂ ಹೆದರುತ್ತಿರಲಿಲ್ಲ. ಸಾಲು ಹಿಡಿದು ಬಂದು ನನ್ನ ಬಿಲ್ಲೆ ಒಯ್ಯುತ್ತಿದ್ದರು.

ಟೀ ಬಿಡುವಿನಲ್ಲಿ, ಹಿಂದಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ರಫೀಕ್ ನನ್ನನ್ನು ಕಂಬದ ಮರೆಗೆ ಕರೆದ.

"ಸಾರ್, ಬೇಜಾರ್ ಮಾಡ್ಕಬ್ಯಾಡಿ. ಒಳ್ಳೆ ಎಲೆ ಬಂದ್ರೆ ನೀವು ಎಡಗಣ್ಣು ಮುಚ್ತೀರಾ. ಫೋಟೋ ಒಡಿಯೋವಾಗ ಮುಚ್ತೀರಲ್ಲ, ಅಂಗೆ."

ಟೀ ಲೋಟವನ್ನು ಕಂಬದ ಬುಡಕ್ಕಿಟ್ಟೆ. "ಯಾರಾದರೂ ನೋಡಿದರಾ?"

"ಎಲ್ರೂ ನೋಡಿದ್ರು. ಟೀ ಕೊಡೋರೂ ನೋಡಿದ್ರು."

"ಮತ್ತೆ ಕೆಟ್ಟ ಎಲೆ ಬಂದಾಗ?"

ರಫೀಕ್ ನೆಲ ನೋಡಿದ. "ಆಗ ಎಲ್ರಿಗೂ 'ಸ್ವಲ್ಪ ನಗಿ, ಸ್ವಲ್ಪ ನಗಿ' ಅಂತೀರಾ."

ಇಷ್ಟು ವರ್ಷ ಕ್ಯಾಮೆರಾ ಹಿಂದೆ ನಿಂತು ಊರಿನ ಮುಖವನ್ನೆಲ್ಲ ನೋಡಿದ್ದೆ. ನನಗೂ ಒಂದು ಮುಖವಿದೆ, ಅದನ್ನೂ ಜನ ನೋಡುತ್ತಾರೆ ಎಂಬ ವಿಚಾರ ಅಂದಿನವರೆಗೆ ಹೊಳೆದಿರಲೇ ಇಲ್ಲ!

ಆದರೆ ವೀರನಾದವನು ಎದೆಗುಂದುವುದಿಲ್ಲ. ಕಣ್ಣು ಮುಚ್ಚುವುದನ್ನು ನಿಲ್ಲಿಸಲಾಗದಿದ್ದರೆ ಕಣ್ಣನ್ನೇ ಮುಚ್ಚಿಡಬಹುದಲ್ಲ! ರಫೀಕನ ಆಟೋದ ಡಬ್ಬಿಯಲ್ಲಿ ಒಂದು ಕಪ್ಪು ಕನ್ನಡಕವಿತ್ತು. ಅವನ ತಾಯಿಗೆ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯಲ್ಲಿ ಕೊಟ್ಟದ್ದು. ನಾಲ್ಕೂ ಕಡೆಯಿಂದ ಮುಚ್ಚುವಂಥದ್ದು.

"ಬ್ಯಾಡ ಸಾರ್, ಅದ್ರಲ್ಲಿ ಏನೂ ಕಾಣ್ಸಾಕಿಲ್ಲ. ನಮ್ ಅಮ್ಮ ಅದ ಆಕ್ಕೊಂಡು ಎಮ್ಮೆಗೆ ಸಲಾಂ ಒಡುದಿದ್ರು."

"ನನಗೆ ಕಾಣುವುದು ಮುಖ್ಯವಲ್ಲ ರಫೀಕ್. ಅವರಿಗೆ ಕಾಣಬಾರದು."

ಕನ್ನಡಕ ಏರಿಸಿ ಕೂತೆ. ಅದರೊಳಗೆ ಕೆಂಪೂ ಇಲ್ಲ, ಕಪ್ಪೂ ಇಲ್ಲ. ಲೋಕವೆಲ್ಲ ಒಂದೇ ಮಸಿ. ಎರಡು ಎಲೆ ಬಂದವು. ಮೂಗಿನ ಹತ್ತಿರ ತಂದು ನೋಡಿದೆ. ಇಸ್ಪೇಟಿನ ಎಕ್ಕ! ಪಕ್ಕದಲ್ಲಿ ಇಸ್ಪೇಟಿನ ಒಂಬತ್ತು! ನಡುವೆ ಬಿಚ್ಚಿದ ಎಲೆಗಳಲ್ಲಿ ಮೂರು ಇಸ್ಪೇಟು ಎಂದು ಹಂಚುವವನೇ ಬಾಯಿಬಿಟ್ಟು ಹೇಳಿದ. ಅಂದರೆ ಐದೂ ಒಂದೇ ಜಾತಿ, ಸುಲಭಕ್ಕೆ ಸೋಲದ ಕೈ! ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಯಾರಿಗೂ ಕಾಣಲಿಲ್ಲ. ಎದ್ದು ನಿಂತು, ಇದ್ದಬದ್ದ ಬಿಲ್ಲೆಗಳನ್ನೆಲ್ಲ ತೋಳಿನಿಂದ ತಳ್ಳಿ, "ಆಲ್ ಇನ್!" ಎಂದು ಗರ್ಜಿಸಿದೆ.

ಎಲ್ಲರೂ ಎಲೆ ಬಿಸಾಕಿದರು. ಲಿಂಗರಾಜು ಮಾತ್ರ ಅಡುಗೆ ಕೋಣೆಯ ಕಡೆ ನೋಡಿದರು. ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು.

"ಆಯ್ತು ಬುಡಿ, ನಂದೂ ಐತೆ," ಎಂದು ಬಿಲ್ಲೆ ಇಟ್ಟರು.

ಅವರು ಎಲೆ ಬಿಚ್ಚಿದರು. ಬರೀ ನಾಲ್ಕರ ಒಂದು ಜೋಡಿ! ನಾನು ವಿಜಯದ ನಗೆ ನಕ್ಕು ನನ್ನ ಎಲೆ ಬಿಚ್ಚಿದೆ. ಹಂಚುವವನು ಅದರ ಮೇಲೆ ಬಗ್ಗಿದ.

"ಸಾರ್," ಎಂದ ಹಂಚುವವನು, "ಈ ಒಂಬತ್ತು ಇಸ್ಪೇಟು ಅಲ್ಲ. ಆಟೀನು. ಆ ಕನ್ನಡಕದಲ್ಲಿ ಕೆಂಪೂ ಕಪ್ಪಾಗಿ ಕಂಡಿದೆ."

ಕನ್ನಡಕ ತೆಗೆದೆ. ಕೆಂಪು ಕೆಂಪಾದ ಒಂಬತ್ತು ಹೃದಯಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಬಳಿ ಒಂದು ಜೋಡಿಯೂ ಇರಲಿಲ್ಲ!

"ಏನ್ ಧೈರ್ಯದ ಮೇಲೆ ಬಂದ್ರಿ?" ಎಂದು ಲಿಂಗರಾಜು ಅವರನ್ನು ಕೇಳಿದೆ.

"ಧೈರ್ಯ ಏನ್ ಬಂತು ಸಾರ್, ಒಟ್ಟೆ ಅಸೀತಿತ್ತು. ಒಬ್ರು ಮುಗುದ್ರೆ ಬ್ಯಾಗ ಊಟಕ್ಕೆ ಬುಡ್ತಾರೆ ಅಂತ."

ಫ್ರಿಜ್ಜಿನ ಆಸೆಗೆ ಅದುವರೆಗೆ ಯಾರೂ ಕೈ ಬಿಚ್ಚಿ ಆಡಿರಲಿಲ್ಲ. ಹಾಗಾಗಿ ಇಡೀ ಮಂಟಪದಲ್ಲಿ ಹೊರಬಿದ್ದವರ ಪೈಕಿ ನಾನೇ ಮೊದಲಿಗ. ಅಳಿಯ ದೇವರು ಮೈಕಿನಲ್ಲಿ ನನ್ನ ಹೆಸರಿನ ಜೊತೆ 'ಪ್ರಥಮ' ಎಂಬ ಪದ ಸೇರಿಸಿ ಏನೋ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನಾನು ಕೈಮುಗಿದೆ.

ಗೋಡೆ ಒಡೆದ ಮನೆಗೆ ಯಾವ ಮುಖ ಹೊತ್ತು ಹೋಗಲಿ? ಊಟ ಮಾಡಿ ಅಲ್ಲೇ ಕೂತೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಿಂಗರಾಜು ಗೆದ್ದುಬಿಟ್ಟರು! ಕೈಗವಸಿನವನು, ಟೋಪಿಯವರು, ಹೆಡ್‌ಫೋನಿನವರು ಎಲ್ಲರನ್ನೂ ಎಲೆಯಡಿಕೆ ಜಗಿಯುತ್ತಲೇ ಮುಗಿಸಿದ್ದರು. ಆದರೆ ಫ್ರಿಜ್ ಒಯ್ಯಲು ಅವರಿಗೆ ಗಾಡಿ ಇರಲಿಲ್ಲ. ಗೆಲ್ಲುವ ಮುಂಚೆಯೇ ಗಾಡಿ ತರುವ ಮೂರ್ಖರು ಎಷ್ಟು ಜನ ಇರುತ್ತಾರೆ?

"ನಮ್ ಗಾಡಿ ಖಾಲಿ ಐತೆ," ಎಂದ ರಫೀಕ್, ನನ್ನ ಕಡೆ ನೋಡದೆ. "ಆದ್ರೆ ಇಂದ್ಗಡೆ ಒಬ್ರು ಇಡ್ಕಂಡು ನಿಂತ್ಕಬೇಕು."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹತ್ತಿದೆ.

ಫ್ರಿಜ್ಜನ್ನು ತಬ್ಬಿಕೊಂಡಿರುವಾಗಲೇ ಸುಶೀಲಾಳ ಫೋನು ಬಂತು. "ಏನಾಯ್ತ್ರೀ?"

"ಫ್ರಿಜ್ ಆಟೋಗೆ ಏರಿಸಿದೀವಿ," ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಯ್ಯೋ ದ್ಯಾವ್ರೇ! ಗೆದ್‌ಬುಟ್ರಾ! ನಾನೇನೇನೋ ಅಂದ್‌ಬುಟ್ಟೆ ಕಣ್ರೀ ನಿಮ್ಮನ್ನ!"

ಅವಳು ನನ್ನ ಬಗ್ಗೆ ಅಂಥ ದನಿಯಲ್ಲಿ ಮಾತಾಡಿದ್ದು ಮದುವೆಯಾದ ಹೊಸದರಲ್ಲೂ ಕೇಳಿದ ನೆನಪಿಲ್ಲ. ತಿದ್ದಬೇಕೆಂದು ಬಾಯಿ ತೆರೆದೆ. ಆ ದನಿ ಇನ್ನೊಂದು ಗಳಿಗೆ ಇರಲಿ ಎನಿಸಿತು. ಅಷ್ಟರಲ್ಲಿ ಅವಳು ಫೋನಿಟ್ಟಳು, ಆಟೋ ಹೊರಟಿತು.

ನಮ್ಮ ಮನೆ ಇರುವುದು ಹನಗೋಡಿನ ರಸ್ತೆಯಲ್ಲಿ ಎಂಬ ಭೂಗೋಳದ ಸತ್ಯ ನನಗೆ ಆಗ ಹೊಳೆಯಿತು!

ದೂರದಿಂದಲೇ ಕಂಡಿತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾಳೆ. ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಗೌರಮ್ಮ, ಅವರ ಹಿಂದೆ ಇಡೀ ಬೀದಿ. ರಫೀಕ್ ಬೇರೆ ದಾರಿ ಕಾಣದೆ ಗಾಡಿ ನಿಧಾನ ಮಾಡಿದ. ಮುಂದೆ ಕೂತಿದ್ದ ಲಿಂಗರಾಜು ಪುಳಕಿತರಾದರು.

"ಏನ್ ಜನ ಸಾರ್ ನಿಮ್ಮೂರೋರು! ಗುರ್ತಿಲ್ದಿದ್ರೂ ಗೆದ್ದೋನ್ಗೆ ಆರ್ತಿ ಇಡ್ಕಂಡವ್ರೆ!"

ಹಾಗೆನ್ನುತ್ತಾ ತಲೆ ಹೊರಗೆ ಚಾಚಿ, ಆರತಿಗೆ ಕೈಯೊಡ್ಡಿ ಕಣ್ಣಿಗೆ ಒತ್ತಿಕೊಂಡರು. ತಟ್ಟೆಯಿಂದ ಕುಂಕುಮವನ್ನೂ ತಾವೇ ತೆಗೆದು ಇಟ್ಟುಕೊಂಡರು. ಸುಶೀಲ ಮೊದಲು ಅವರನ್ನು ನೋಡಿದಳು. ಫ್ರಿಜ್ ನೋಡಿದಳು. ಅದನ್ನು ತಬ್ಬಿ ನಿಂತ ನನ್ನನ್ನು ನೋಡಿದಳು. ನನ್ನ ಮುಖವನ್ನು ಅವಳು ಓದಿ ಮುಗಿಸಲು ಅರೆ ಗಳಿಗೆ ಸಾಕಾಯಿತು. ಆರತಿಯನ್ನು ಬಾಯಿಂದ ಊದಿ ಆರಿಸಿ ಒಳಗೆ ಹೋದಳು.

ಇಳಿಯೋಣವೆಂದು ಕಾಲೆತ್ತಿದೆ. "ಬುಡ್‌ಬ್ಯಾಡಿ ಸಾರ್, ಬಿದ್ದೋಯ್ತದೆ!" ಎಂದು ರಫೀಕ್ ಕೂಗಿದ. ಆಟೋ ಮುಂದಕ್ಕೆ ಹೋಯಿತು. ಹಿಂದಿನಿಂದ ಗೌರಮ್ಮನವರ ದನಿ ಅಟ್ಟಿಸಿಕೊಂಡು ಬಂತು:

"ಅಳೇ ಫ್ರಿಜ್ ವಾಪಸ್ ಕೊಡಾಕಿಲ್ಲ ಕಣಪ್ಪೋ!"

ಹನಗೋಡು ತಲುಪುವ ಹೊತ್ತಿಗೆ ರಸ್ತೆಯ ಧೂಳೆಲ್ಲ ನನ್ನ ಮೇಲಿತ್ತು. ರಫೀಕನೂ ನಾನೂ ಏದುಸಿರು ಬಿಡುತ್ತಾ ಫ್ರಿಜ್ಜನ್ನು ಒಳಗೆ ಸಾಗಿಸಿದೆವು. ಅವರ ಅಡುಗೆಮನೆ ಬಾಗಿಲಲ್ಲಿ ಅದು ಸಲೀಸಾಗಿ ತೂರಿತು. ನಾನು ಜಗಲಿಯ ಮೇಲೆ ಕುಸಿದು ಕೂತೆ. ಲಿಂಗರಾಜು ಅವರ ಹೆಂಡತಿ ಚೊಂಬಿನ ತುಂಬ ಮಜ್ಜಿಗೆ ತಂದು ನನ್ನ ಕೈಗೆ ಲೋಟ ಕೊಟ್ಟರು.

"ತಗಳಪ್ಪ, ಕುಡಿ. ಒತ್ತು ಒತ್ತು ಸುಸ್ತಾಗೈತೆ. ಎಲ್ಲಿ ಅಮಾಲಿ ಕೆಲ್ಸ ಮಾಡೋದು ನೀನು?"

"ಏ, ಇವ್ರು ಅಮಾಲಿ ಅಲ್ಲ ಕಣಮ್ಮಿ!" ಎಂದು ಲಿಂಗರಾಜು ಒಳಗಿನಿಂದ ಕೂಗಿದರು. "ಇವ್ರೂ ನನ್ ಜೊತೆ ಪೋಕರ್ ಆಡಿದ್ರು. ದೊಡ್ಡ ಆಟಗಾರ್ರು!"

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಮುಖದಲ್ಲಿ ಮರುಕ ತುಂಬಿತು.

"ಸುಮ್ಕಿರಿ," ಎಂದು ಗಂಡನನ್ನೇ ಗದರಿದರು. "ದುಡುದು ತಿನ್ನೋರ್‌ನ ಅಂಗೆಲ್ಲ ಆಡ್ಕಬಾರ್ದು."

ಹೌದು ಹೌದು ಎಂದು ತಲೆಯಾಡಿಸಿ, ನಾನು ಮಜ್ಜಿಗೆಗೆ ಲೋಟ ಮುಂದಕ್ಕೆ ಹಿಡಿದೆ.