ಅತ್ತೆಯ ಸೋಬಾನೆಗೆ ನನ್ನ ಗಿಟಾರು

ಕೆಲವರಿಗೆ ಹುಟ್ಟಿನಿಂದಲೇ ಧ್ವನಿ ಸಣ್ಣದಿರುತ್ತದೆ. ನಾನು ಆ ಪೈಕಿ. ಹೋಟೆಲಿನಲ್ಲಿ ನಾನು ಕಾಫಿ ಹೇಳಿದರೆ ಮಾಣಿ ನನ್ನ ಎದುರಿಗೆ ಕೂತವರನ್ನು ‘ಇವರಿಗೇನಂತೆ?’ ಎಂದು ಕೇಳುತ್ತಾನೆ. ಬಸ್ಸಿನಲ್ಲಿ ಮತ್ತಿಕೆರೆ, ಮತ್ತಿಕೆರೆ ಎಂದು ಎಷ್ಟು ಬಡಕೊಂಡರೂ ನನ್ನನ್ನು ಇಳಿಸುವುದು ಮುಂದಿನ ಸ್ಟಾಪಿನಲ್ಲಿ. ಇಂಥವನಿಗೆ ಹೆಣ್ಣು ಸಿಕ್ಕಿದ್ದು ಬ್ಯಾಟರಾಯನಪುರದ ಹಳೇ ಒಕ್ಕಲು ಮನೆಯಿಂದ. ಅವರದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಪಳಗಿದ ಗಂಟಲು. ಈಗ ಹೊಲವಿದ್ದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ಗಂಟಲು ಮಾತ್ರ ಇದ್ದ ಹಾಗೇ ಇದೆ. ಅಲ್ಲಿ ಊಟಕ್ಕೆ ಕೂತು ನಾನು ‘ಸಾಕು’ ಎಂದದ್ದು ಯಾರಿಗೂ ಕೇಳಿಸದೆ ತಟ್ಟೆಗೆ ಮತ್ತೊಂದು ಮುದ್ದೆ ಬಿದ್ದದ್ದುಂಟು.

ಬಹುಶಃ ಈ ಸಂಕಟಕ್ಕೇ ಇರಬೇಕು, ನಲವತ್ತು ದಾಟಿದ ಮೇಲೆ ನಾನೊಂದು ಎಲೆಕ್ಟ್ರಿಕ್ ಗಿಟಾರು ಕೊಂಡೆ. “ಇದ್ರದ್ದು ಹೈ ಔಟ್‌ಪುಟ್ ಪಿಕಪ್ ಸಾರ್, ಸುಮ್ನೆ ಮುಟ್ಟಿದ್ರೂ ಗುಡುಗುತ್ತೆ” ಎಂದ ಅಂಗಡಿಯವನು. ಪಿಕಪ್ ಎಂದರೆ ತಂತಿಗಳ ಕೆಳಗಿರುವ ಆಯಸ್ಕಾಂತದ ಪಟ್ಟಿ. ತಂತಿ ಅದುರಿದ್ದನ್ನು ಕರೆಂಟು ಮಾಡಿ ವೈರಿಗೆ ಕಳಿಸುವುದು ಅದರ ಕೆಲಸ. ಗುಡುಗುತ್ತೆ ಎಂಬ ಒಂದು ಮಾತಿಗೆ ನಾನು ಮರುಳಾದೆ. ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಪೆಟ್ಟಿಗೆ ಬೇಕೆಂದ, ಅದನ್ನೂ ತಂದೆ. ಒಳಗೆ ಎಷ್ಟು ಸದ್ದು ಬಿಡಬೇಕೆಂದು ಗೊತ್ತುಮಾಡಲು ಅದರಲ್ಲಿ ತಿರುಪುಗಳಿವೆ, ಒಂದು ಮೈಕಿಗೆ, ಒಂದು ಗಿಟಾರಿಗೆ. ಪಕ್ಕದಲ್ಲಿ ಒಂದೊಂದು ದೀಪ. ಸದ್ದು ಹದವಾಗಿದ್ದರೆ ಹಸಿರು, ಮಿತಿಮೀರಿದರೆ ಕೆಂಪು. ಕೆಂಪಾದಾಗ ರೆಕಾರ್ಡ್ ಆದದ್ದು ಹರಿದ ಸದ್ದು. ಆಮೇಲೆ ಏನು ಮಾಡಿದರೂ ಅದು ಸರಿಹೋಗುವುದಿಲ್ಲ.

ನನ್ನ ಗಿಟಾರಿಗೆ ತಿರುಪನ್ನು ಸೊನ್ನೆಗೆ ಇಳಿಸಿದರೂ ಕೆಂಪೇ. ಬದುಕಿನಲ್ಲಿ ಮೊದಲ ಸಲ ನನ್ನದೊಂದು ಸದ್ದು ಜಾಸ್ತಿಯಾಗಿತ್ತು. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು. ಆದರೆ ರೆಕಾರ್ಡ್ ಆದದ್ದನ್ನು ಕೇಳಿದರೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗಿತ್ತು. ಅಂಗಡಿಗೆ ಫೋನು ಮಾಡಿದೆ. “ಗಿಟಾರಲ್ಲೇ ವಾಲ್ಯೂಮ್ ಇಳಿಸಿ ಸಾರ್. ಸ್ಕ್ರೂ ತಿರುಗ್ಸಿ ಪಿಕಪ್ಪನ್ನೂ ತಂತಿಯಿಂದ ಸ್ವಲ್ಪ ಕೆಳಕ್ಕೆ ಮಾಡಿ” ಎಂದ. ಗುಡುಗುತ್ತೆ ಎಂದು ಮಾರಿದವನೇ ಈಗ ಅದರ ಬಾಯಿ ಮುಚ್ಚಿಸಿ ಎನ್ನುತ್ತಿದ್ದಾನೆ! ಮುಖ ಗಂಟಿಕ್ಕಿಕೊಂಡೇ ಹಾಗೆ ಮಾಡಿದೆ. ಆದರೂ ಹದ ನೋಡುವಾಗ ಹಸಿರು, ರೆಕಾರ್ಡಿಂಗಿಗೆ ಕೂತರೆ ಕೆಂಪು. ತಪ್ಪು ನನ್ನದೇ. ಹದ ನೋಡುವಾಗ ಹೊಸ ಅಳಿಯನ ಹಾಗೆ ಮೆತ್ತಗೆ ಮೀಟುತ್ತಿದ್ದೆ, ರೆಕಾರ್ಡಿಂಗ್ ಶುರುವಾದರೆ ಮೈಮೇಲೆ ಬಂದವನ ಹಾಗೆ ಬಾರಿಸುತ್ತಿದ್ದೆ. ಕೈಲಾದಷ್ಟು ಜೋರಾಗಿ ಬಾರಿಸಿಯೇ ಹದ ನೋಡಬೇಕು ಎಂಬ ಬುದ್ಧಿ ಬರುವ ಹೊತ್ತಿಗೆ ಮನೆಯಲ್ಲಿ ಮದುವೆ ಹತ್ತಿರ ಬಂದಿತ್ತು.

ಮದುವೆ ನನ್ನ ಹೆಂಡತಿ ಮಂಜುಳನ ತಂಗಿಯದು. ನಮ್ಮ ಅತ್ತೆ ಊರಿನಲ್ಲಿ ಯಾರ ಮದುವೆಯಾದರೂ ಹೆಣ್ಣು ಒಪ್ಪಿಸಿಕೊಡುವ ಸೋಬಾನೆ ಹಾಡುವವರು. ಅಂಥವರು ಮಂಜುಳನನ್ನು ನನಗೆ ಒಪ್ಪಿಸುವಾಗ ಗಂಟಲು ಕಟ್ಟಿ, ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಿದ್ದರು. ಹಾಡು ಅರ್ಧಕ್ಕೆ ನಿಂತಿತಲ್ಲ, ಅದರಿಂದ ಮಗಳಿಗೇನಾದರೂ ಕೆಟ್ಟದಾಯಿತೇ ಎಂದು ಅವರಿಗೆ ಇವತ್ತಿಗೂ ಚಿಂತೆ. ನನ್ನನ್ನು ನೋಡಿದಾಗಲೆಲ್ಲ ಆ ಚಿಂತೆ ಹೆಚ್ಚಾಗುತ್ತದೆಂದು ನನ್ನ ಅನುಮಾನ. ಚಿಕ್ಕವಳಿಗೆ ಹಾಗಾಗಬಾರದು, ಮೊದಲೇ ಹಾಡಿ ಇಟ್ಟುಬಿಡುತ್ತೇನೆ ಎಂದರು. “ಮೊಬೈಲಲ್ಲಿ ಮಾಡಿದ್ರೆ ಆಯ್ತಪ್ಪ” ಎಂದಳು ಮಂಜುಳ. ನಾನು ಬಿಡಲಿಲ್ಲ. ನಮ್ಮ ಮನೆಗೇ ಬರಲಿ, ಒಳ್ಳೆಯ ಮೈಕಿದೆ, ಹಿನ್ನೆಲೆಗೆ ಗಿಟಾರೂ ಇರಲಿ ಎಂದೆ. ಛತ್ರದ ತುಂಬ ಜನ, ಮೂಲೆಮೂಲೆಗೆ ಸ್ಪೀಕರು. ಹೆಂಡತಿಯ ಮನೆಯವರೆಲ್ಲ ಒಂದು ಸಲವಾದರೂ ನನ್ನನ್ನು ಕೇಳಿಸಿಕೊಳ್ಳಲೇಬೇಕಾಗುತ್ತದೆ ಎಂಬುದು ಒಳಗಿನ ಲೆಕ್ಕಾಚಾರ.

ಭಾನುವಾರ ಅತ್ತೆ ಬಂದು ಮೈಕಿನ ಮುಂದೆ ಕೂತರು. ಗಿಟಾರಿನ ನಿಜವಾದ ಸದ್ದು ನನ್ನ ಹೆಡ್‌ಫೋನಿನಲ್ಲಿ ಮಾತ್ರ; ಅವರಿಗೆ ಕೇಳುತ್ತಿದ್ದುದು ಬರೀ ತಂತಿಯ ಟಿಣಿಟಿಣಿ. ಎರಡು ದೀಪವೂ ಹಸಿರು. ನಾನು ಬಾರಿಸುತ್ತಾ ತಲೆಯಾಡಿಸಿದೆ. ಅತ್ತೆ ಬಾಯಿ ತೆರೆಯಲಿಲ್ಲ. ಅಳಿಯನ ತಪ್ಪನ್ನು ಅಳಿಯನಿಗೇ ಹೇಳುವ ಪದ್ಧತಿ ಅವರಲ್ಲಿಲ್ಲ. ನಾನು ಎದುರಿಗೇ ಕೂತಿದ್ದರೂ ಅದು ಮಗಳ ಮೂಲಕವೇ ಬರಬೇಕು.

“ಮಂಜಿ, ಇನ್ನೂ ಸುರುವಾಗಿಲ್ಲ ಅಂತ ಅಳಿಯಂದ್ರಿಗೆ ಯೋಳು. ಕೆಂಪು ದೀಪ ಬಂದೇ ಇಲ್ಲ.”

ಅವರ ಮನೆಯ ಹಳೇ ಟೇಪ್ ರೆಕಾರ್ಡರಿನಲ್ಲಿ ಕರೆಂಟಿದ್ದರೆ ಹಸಿರು, ರೆಕಾರ್ಡ್ ಆಗುತ್ತಿದ್ದರೆ ಕೆಂಪು. ಕೆಂಪು ಬರಬಾರದು, ಬಂದರೆ ಹಾಡು ಕೆಟ್ಟಿತೆಂದು ಅರ್ಥ ಎಂದು ನಾನೂ ಮಂಜುಳನ ಮೂಲಕವೇ ವಿವರಿಸಿದೆ. ಅತ್ತೆ ನಂಬದಿದ್ದರೂ ಮರ್ಯಾದೆಗೆ ಹೂಂಗುಟ್ಟಿದರು. ಅಷ್ಟರಲ್ಲಿ ನನ್ನ ಕೈ ಚೂರು ಭಾರವಾಗಿ ಗಿಟಾರಿನ ದೀಪ ಕೆಂಪಾಯಿತು. ಅವರ ಮುಖ ಅರಳಿ ಹಾಡು ಶುರುವಾಯಿತು. ನಾನು ಕೈ ಹಗುರ ಮಾಡಿದೆ, ಕೆಂಪು ಹೋಯಿತು, ಹಾಡೂ ನಿಂತಿತು.

“ದೀಪ ಸಾಂತ ಆಗೋಯ್ತಲ್ಲೇ! ಹೆಣ್ಣು ಒಪ್ಪಿಸ್ವಾಗ ದೀಪ ಓಗ್ಬಾರ್ದು ಕಣೇ ಮಂಜಿ.”

ಮದುವೆಯ ವಿಷಯದಲ್ಲಿ ದೀಪ ಆರಿತು ಎನ್ನಲೂ ಬಾಯಿ ಬಾರದ ಹೆಂಗಸು. ಆ ದೀಪ ಹೋದರೇ ಒಳ್ಳೆಯದು ಎಂದು ಯಾವ ಅಳಿಯ ಯಾವ ಬಾಯಲ್ಲಿ ಹೇಳಿಯಾನು? ಪೆಟ್ಟಿಗೆಯ ಮೇಲೆ ಟವೆಲು ಮುಚ್ಚಿದೆ. ದೀಪಕ್ಕೆ ಮುಸುಕು ಹಾಕುವುದುಂಟೇ ಎಂದು ಅವರೇ ಎತ್ತಿ ಪಕ್ಕಕ್ಕಿಟ್ಟರು. ಮತ್ತೆ ಶುರು, ಮತ್ತೆ ನಿಲುಗಡೆ. ನಿಂತು ಹೊರಟಾಗೆಲ್ಲ ಅವರ ದನಿ ಇಷ್ಟಿಷ್ಟೇ ನಡುಗತೊಡಗಿತು, ಕೈ ಸೆರಗಿನ ಕಡೆಗೆ ಹೋಗುತ್ತಿತ್ತು. ಇವತ್ತೂ ಅರ್ಧಕ್ಕೇ ನಿಲ್ಲುತ್ತದೆ, ಅದೂ ನನ್ನಿಂದಲೇ.

ಪೆಟ್ಟಿಗೆಯಲ್ಲಿ ಗಿಟಾರಿನ ತಿರುಪನ್ನು ಕೊನೆಯವರೆಗೆ ಏರಿಸಿದೆ. ಗಿಟಾರಿನ ವಾಲ್ಯೂಮನ್ನೂ ಪೂರ್ತಿ ಏರಿಸಿ, ಬಿಡುವಿಲ್ಲದೆ ಬಾರಿಸಿದೆ. ಕೆಂಪು ದೀಪ ಕದಲದೆ ನಿಂತಿತು. ಅತ್ತೆ ಅದನ್ನೇ ನೋಡುತ್ತಾ, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ದನಿ ಒಡೆಯದೆ, ಕೊನೆಯ ಸಾಲಿನವರೆಗೂ ಹಾಡಿದರು. ನಾನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಅವರನ್ನೇ ಕೇಳಿದೆ.

ಮೈಕಿನದು, ಗಿಟಾರಿನದು ಬೇರೆಬೇರೆಯಾಗಿಯೇ ರೆಕಾರ್ಡ್ ಆಗುತ್ತವೆ. ಆಮೇಲೆ ಹಾಕಿ ನೋಡಿದರೆ ಅವರ ಹಾಡು ನಿರ್ಮಲವಾಗಿತ್ತು, ನನ್ನ ಗಿಟಾರು ಚಿಂದಿಯಾಗಿತ್ತು. ಹಾಡಿನ ಜೊತೆಗೆ ಗಿಟಾರನ್ನು ಹೊಸದಾಗಿ ಬಾರಿಸಿ ಸೇರಿಸಲು ಹೋದೆ. ಅತ್ತೆಯ ಹಾಡು ಮನಸ್ಸು ಬಂದಲ್ಲಿ ಎಳೆಯುತ್ತದೆ, ಮನಸ್ಸು ಬಂದಲ್ಲಿ ಓಡುತ್ತದೆ. ಎಲ್ಲಿ ಕೈ ಇಟ್ಟರೂ ನಾನು ಅಡ್ಡ ಬಾಯಿ ಹಾಕಿದಂತಾಗುತ್ತಿತ್ತು. ಗಿಟಾರನ್ನು ಪೂರ್ತಿ ಅಳಿಸಿದೆ. ಯಾರಿಗೂ ಹೇಳಲಿಲ್ಲ.

ಯಲಹಂಕದ ಛತ್ರದಲ್ಲಿ ಆ ಹಾಡು ಮೊಳಗಿದಾಗ ಅತ್ತೆ ಚಿಕ್ಕ ಮಗಳ ಕೈ ಹಿಡಿದು ಮನಸಾರೆ ಅತ್ತರು. ಹಾಡು ನಿಲ್ಲಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು. ಊಟದ ಪಂಕ್ತಿಯಲ್ಲಿ ಅತ್ತೆ ತಮ್ಮ ಅಣ್ಣನಿಗೆ, “ಅದ್ರಲ್ಲಿ ಗಿಟಾರ್ ಬಾರ್ಸಿರೋದು ನಮ್ ದೊಡ್ಡಳಿಯಂದ್ರು” ಎಂದರು. ಆ ಹಿರಿಯರು ಇಡೀ ಪಂಕ್ತಿಯೇ ತಿರುಗಿ ನೋಡುವಂತೆ ಕೂಗಿದರು: “ಏನ್ ಅದವಾಗಿ ಬಾರ್ಸಿದೀರ ಅಳಿಯಂದ್ರೆ! ಒಂದ್ ಚೂರೂ ಜಾಸ್ತಿ ಇಲ್ಲ. ಆಡಿಗೆ ಎಲ್ಲೂ ಅಡ್ಡ ಬರ್ಲಿಲ್ಲ. ನಮ್ ಮೊಮ್ಮಗಳ ಮದ್ವೆಗೂ ಇಂಗೇ ಬಾರ್ಸ್ಕೊಡ್ಬೇಕು.”

ಕೈ ಮುಗಿದು ಒಪ್ಪಿಕೊಂಡೆ. ಹಾಗೆ ಬಾರಿಸುವುದು ಹೇಗೆಂದು ಈಗ ನನಗೆ ಚೆನ್ನಾಗಿ ಗೊತ್ತು.