ಬೀಗರಿಗೆ ನಾನು ಕೊಟ್ಟ ಇಂಗ್ಲಿಷ್ ಸ್ವಾಗತ

ಮಗಳು ಸುಧಾಳನ್ನು ನೋಡಲು ಧಾರವಾಡದಿಂದ ಬರುವ ಹುಡುಗನ ಅಪ್ಪ ಇಂಗ್ಲಿಷ್ ಕಲಿಸಿ ನಿವೃತ್ತರಾದ ಪ್ರೊಫೆಸರ್ ಎಂದು ತಿಳಿದ ಗಳಿಗೆಯಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹುಡುಗ ಸುಧಾಳ ಮನಸ್ಸಿಗೆ ಆಗಲೇ ಬಂದಿದ್ದ. ಇನ್ನು ಸಂಬಂಧ ಕೂಡುವುದು ನನ್ನ ಇಂಗ್ಲಿಷಿನ ಮೇಲೆಯೇ ಎಂದು ನಾನೇ ತೀರ್ಮಾನಿಸಿದೆ. ನನ್ನಂಥ ಹತ್ತಿಕಾಳಿನ ವ್ಯಾಪಾರಿ ಭಾರೀ ಶಬ್ದ ಕಲಿಯಲು ಯಾರಪ್ಪನ ಅಪ್ಪಣೆ ಬೇಕು!

ಮೊಬೈಲಿಗೆ ಶಬ್ದ ಕಲಿಸುವ ಆ್ಯಪ್ ಹಾಕಿಸಿಕೊಂಡೆ. ಹಲ್ಲುಜ್ಜುವಾಗ ‘ಮ್ಯಾಗ್ನಾನಿಮಸ್’, ಸ್ನಾನ ಮಾಡುವಾಗ ‘ಆಸ್ಪಿಶಸ್’. ಅಂಗಡಿಯಲ್ಲಿ ಗಿರಾಕಿ ದರ ಕೇಳಿದರೆ ‘ಎಕ್ಸಾರ್ಬಿಟಂಟ್’ ಎಂದೆ; ಅದರರ್ಥ ವಿಪರೀತ ದುಬಾರಿ. ಅವನು ಪಕ್ಕದ ಅಂಗಡಿಗೆ ಹೋದ. ಹೆಂಡತಿ ಪಾರ್ವತಿಯನ್ನು ‘ರೆಸ್ಪ್ಲೆಂಡಂಟ್’ ಎಂದು ಹೊಗಳಿದರೆ, ಅವಳು ಹತ್ತಿರ ಬಂದು ನನ್ನ ಬಾಯಿಯ ವಾಸನೆ ನೋಡಿದಳು!

ಭಾನುವಾರ ಕಾರು ಬಂದು ನಿಂತಿತು. ಪಾರ್ವತಿ ಒಳಗೆ ಸುಧಾಳ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, ಕೈಮುಗಿದು ಶುರುಮಾಡಿದೆ. ಇದು ‘ಆಸ್ಪಿಶಸ್’ ದಿನ, ತಮ್ಮದು ‘ಇಲಸ್ಟ್ರಿಯಸ್’ ಮನೆತನ... ಪ್ರೊಫೆಸರ್ ಸಾಹೇಬರು ಬಿಸಿಲಿನಲ್ಲಿ ತಲೆಯಾಡಿಸುತ್ತ ನಿಂತರು. ಅವರ ಪತ್ನಿ ಸೆರಗಿನಿಂದ ಬೆವರು ಒರೆಸಿಕೊಂಡರು. ಹುಡುಗ ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದ. ನನ್ನ ಬಳಿ ಶಬ್ದಗಳು ಇನ್ನೂ ಬಹಳ ಉಳಿದಿದ್ದವು.

ನಮ್ಮ ಕಡೆ ಮನೆಯವರು ‘ಬರ್ರಿ, ಕುಂದರ್ರಿ’ ಎನ್ನದೆ ಮರ್ಯಾದಸ್ಥರು ಹೊಸ್ತಿಲು ದಾಟುವುದಿಲ್ಲ. ಅದೊಂದನ್ನು ಬಿಟ್ಟು ನಾನು ಎಲ್ಲವನ್ನೂ ಹೇಳಿದ್ದೆ.

“ಇವತ್ತ ನಿಮಗ ಏನೋ ಅಡಚಣಿ ಐತಿ ಕಾಣಸ್ತೈತಿ. ಮತ್ತೊಮ್ಮಿ ಬರ್ತೇವ್ರಿ,” ಎಂದು ಸಾಹೇಬರು ಕಾರಿನತ್ತ ತಿರುಗಿದರು.

ಕೂಡಿಬಂದ ಸಂಬಂಧ ಕಣ್ಣೆದುರೇ ಹೋಗುತ್ತಿದೆ, ತಡೆಯಲು ಯಾವ ಭಾಷೆಯಲ್ಲೂ ಒಂದು ಶಬ್ದ ಹೊಳೆಯುತ್ತಿಲ್ಲ! ಅಷ್ಟರಲ್ಲಿ ಎದುರುಮನೆಯ ಗಂಗಕ್ಕ ಅವರನ್ನು ನೋಡಿ, ಬಿಸಿಲಾಗ ಯಾಕ ನಿಂತೀರಿ ಎಂದು ಕರೆದು, ತನ್ನ ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟೇಬಿಟ್ಟಳು. ಸುದ್ದಿ ತಿಳಿದ ಪಾರ್ವತಿ ನನ್ನ ಕಡೆ ನೋಡಲೂ ಇಲ್ಲ. ಒಂದು ಕೈಯಲ್ಲಿ ಉಪ್ಪಿಟ್ಟಿನ ಪಾತ್ರೆ, ಇನ್ನೊಂದರಲ್ಲಿ ಸುಧಾಳ ಕೈ ಹಿಡಿದು ರಸ್ತೆ ದಾಟಿದಳು.

ಕನ್ಯಾ ನೋಡುವ ಕಾರ್ಯ ಅಲ್ಲಿಯೇ ನಡೆಯಿತು. ಒಳಗಿನಿಂದ ನಗು ಕೇಳಿಸಿದಾಗ ನಾನೂ ಹೋಗಿ ಗಂಗಕ್ಕನ ಬಾಗಿಲ ಬಳಿ ನಿಂತೆ.

“ಹುಡುಗಿ ನಮಗ ಪಸಂದ ಆದಳ್ರಿ,” ಎಂದು ಸಾಹೇಬರು ಪಾರ್ವತಿಗೆ ಹೇಳುತ್ತಿದ್ದರು. ಆಮೇಲೆ ನನ್ನನ್ನು ಕಂಡು ಎದ್ದು ನಿಂತರು. “ಹೊರಗ ಯಾಕ ನಿಂತೀರಿ? ಬರ್ರಿ, ಕುಂದರ್ರಿ.”

‘ಹೂಂನ್ರಿ’ ಎಂದೆ. ಮೂಲೆಯ ಕುರ್ಚಿಯಲ್ಲಿ ಕುಳಿತು ನಮ್ಮದೇ ಮನೆಯ ಉಪ್ಪಿಟ್ಟನ್ನು ಗಂಗಕ್ಕನ ತಾಟಿನಲ್ಲಿ ತಿಂದೆ. ಬಹಳ ರುಚಿಯಾಗಿತ್ತು. ಹಾಗೆಂದು ಹೇಳುವ ಧೈರ್ಯ ಮಾಡಲಿಲ್ಲ.